ದೇಶ ಒಡೆದಾಗ ಚೆಂಡು ಯಾರ ಕಾಲಲ್ಲಿತ್ತು?

(ಗೆಳೆಯರ ವಿಚಾರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾನು ನಿಮಗೆ ಒಂದು ಫುಟ್‌ಬಾಲ್ ಲೀಗಿನ ಕತೆ ಹೇಳಬೇಕೆಂದಿದ್ದೇನೆ. ಆ ಲೀಗು ಈಗಿಲ್ಲ. ಆ ಲೀಗನ್ನು ಆಡಿಸುತ್ತಿದ್ದ ದೇಶವೂ ಈಗಿಲ್ಲ. ದೇಶದ ಹೆಸರು ಯುಗೊಸ್ಲಾವಿಯಾ.

ನಮ್ಮ ಹಿರಿಯರಿಗೆ ಈ ಹೆಸರು ಚೆನ್ನಾಗಿ ಗೊತ್ತು. ನೆಹರೂ ಅವರ ಜತೆ, ಈಜಿಪ್ಟಿನ ನಾಸರ್ ಅವರ ಜತೆ ನಿಂತು ಅಲಿಪ್ತ ಚಳವಳಿ ಕಟ್ಟಿದ ಮಾರ್ಷಲ್ ಟಿಟೊ ಅವರ ದೇಶ ಅದು. ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ 1961ರಲ್ಲಿ ನಡೆದದ್ದು ಅಲ್ಲಿನ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ. ಫುಟ್‌ಬಾಲ್ ಬಲ್ಲವರಿಗೆ ಇನ್ನೊಂದು ನೆನಪೂ ಇರಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಈ ಯುಗೊಸ್ಲಾವಿಯಾದ ಎದುರು 10-1ರಿಂದ ಸೋತಿತು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಆ ಹತ್ತು ಗೋಲಿನ ಮಳೆಯಲ್ಲಿ ಭಾರತದ ಪರವಾಗಿ ಬಂದ ಒಂದೇ ಒಂದು ಗೋಲನ್ನು ಹೊಡೆದದ್ದು ನಮ್ಮ ಬೆಂಗಳೂರಿನ ಅಹಮದ್ ಖಾನ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲೂ ನಮ್ಮ ದಾರಿಗೆ ಅಡ್ಡ ಬಂದದ್ದು ಇದೇ ಯುಗೊಸ್ಲಾವಿಯಾ. ಅಂಥ ತಂಡ, ಅಂಥ ದೇಶ. ಅದು ಹೇಗೆ ಚೂರುಚೂರಾಯಿತು? ಚೂರಾಗುವ ಹೊತ್ತಿನಲ್ಲಿ ಮೈದಾನದಲ್ಲಿ ಏನು ನಡೆಯುತ್ತಿತ್ತು? ಇದನ್ನು ತಿಳಿದುಕೊಂಡರೆ ನಮಗೂ ಒಂದಿಷ್ಟು ವಿವೇಕ ಬಂದೀತು ಎಂಬುದು ನನ್ನ ನಂಬಿಕೆ.

ಆರು ಮನೆಗಳ ಒಕ್ಕೂಟ

ಯುಗೊಸ್ಲಾವಿಯಾ ಆರು ಗಣರಾಜ್ಯಗಳ ಒಕ್ಕೂಟ. ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಬೊಸ್ನಿಯಾ, ಮ್ಯಾಸಿಡೋನಿಯಾ, ಮಾಂಟೆನೆಗ್ರೊ. ಸರ್ಬಿಯಾದೊಳಗೆ ಕೊಸೊವೊ ಮತ್ತು ವೊಯ್ವೊದಿನಾ ಎಂಬ ಎರಡು ಸ್ವಾಯತ್ತ ಪ್ರಾಂತ್ಯಗಳು. ಕೆಥೊಲಿಕರು, ಆರ್ಥೊಡಾಕ್ಸ್ ಕ್ರೈಸ್ತರು, ಮುಸ್ಲಿಮರು ಒಂದೇ ಓಣಿಯಲ್ಲಿ ಬಾಳಿದ ನಾಡು.

ಭಾಷೆಯ ಮಾತಿಗೆ ಬನ್ನಿ. ಸ್ಲೊವೇನಿಯಾದವರದು ಬೇರೆ ಭಾಷೆ, ಮ್ಯಾಸಿಡೋನಿಯಾದವರದು ಬೇರೆ ಭಾಷೆ, ಕೊಸೊವೊದ ಅಲ್ಬೇನಿಯನ್ನರದು ಮತ್ತೂ ಬೇರೆ. ಉಳಿದ ನಾಲ್ಕು ಕಡೆ ಜನ ಆಡುತ್ತಿದ್ದುದು ಒಬ್ಬರಿಗೊಬ್ಬರಿಗೆ ಸಲೀಸಾಗಿ ತಿಳಿಯುವ ಒಂದೇ ನುಡಿ. ಅದನ್ನು ಸರ್ಬೊ-ಕ್ರೊಯೇಷಿಯನ್ ಎಂದು ಕರೆದರು. ಬರೆಯಲು ಎರಡು ಲಿಪಿ, ಲ್ಯಾಟಿನ್ ಮತ್ತು ಸಿರಿಲಿಕ್. ಇವತ್ತು ಅದೇ ನುಡಿಗೆ ಸರ್ಬಿಯನ್, ಕ್ರೊಯೇಷಿಯನ್, ಬೊಸ್ನಿಯನ್, ಮಾಂಟೆನೆಗ್ರಿನ್ ಎಂದು ನಾಲ್ಕು ಹೆಸರು.

ಈ ಎಲ್ಲರನ್ನೂ ವಾರವಾರ ಒಂದೇ ಮೈದಾನಕ್ಕೆ ಎಳೆದು ತರುತ್ತಿದ್ದುದು ಫುಟ್‌ಬಾಲ್ ಲೀಗು. ಅಲ್ಲಿ ನಾಲ್ಕು ದೊಡ್ಡ ತಂಡಗಳು. ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಮತ್ತು ಪಾರ್ಟಿಜಾನ್, ಜಾಗ್ರೆಬ್ ನಗರದ ಡೈನಮೊ, ಕಡಲ ತೀರದ ಸ್ಪ್ಲಿಟ್ ನಗರದ ಹೈದುಕ್. ಮೊದಲ ಎರಡು ಸರ್ಬಿಯಾದವು, ಉಳಿದೆರಡು ಕ್ರೊಯೇಷಿಯಾದವು. ಇವುಗಳ ನಡುವಿನ ಪಂದ್ಯವೆಂದರೆ ನಮ್ಮಲ್ಲಿ ಜಾತ್ರೆ ಇದ್ದ ಹಾಗೆ. ಬೈಗುಳ ಇರುತ್ತಿತ್ತು, ಕಲ್ಲೂ ಬೀಳುತ್ತಿತ್ತು. ಆದರೂ ಮುಂದಿನ ವಾರ ಮತ್ತೆ ಆಟ ನಡೆಯುತ್ತಿತ್ತು.

1980ರ ಮೇ 4ನ್ನು ನೆನಪಿಟ್ಟುಕೊಳ್ಳಿ. ಅಂದು ಸ್ಪ್ಲಿಟ್‌ನ ಪೊಲ್ಯುದ್ ಮೈದಾನದಲ್ಲಿ ಹೈದುಕ್ ಮತ್ತು ರೆಡ್ ಸ್ಟಾರ್ ಆಡುತ್ತಿದ್ದವು. ಮೊದಲರ್ಧ ಮುಗಿಯುವ ಮುನ್ನ ಆಟ ನಿಂತಿತು. ಟಿಟೊ ತೀರಿಕೊಂಡರೆಂಬ ಸುದ್ದಿ ಧ್ವನಿವರ್ಧಕದಲ್ಲಿ ಬಂತು. ಸರ್ಬರೂ ಕ್ರೊಯಾಟರೂ ಆಟಗಾರರು ಹುಲ್ಲಿನ ಮೇಲೆ ಕುಸಿದು ಅತ್ತರು. ಸುಮಾರು ಐವತ್ತು ಸಾವಿರ ಜನ ಎದ್ದು ನಿಂತು ಒಟ್ಟಿಗೆ ಟಿಟೊ ಹೆಸರಿನ ಹಾಡು ಹಾಡಿದರು. ಇದು ನಾಟಕವಾಗಿರಲಿಲ್ಲ. ಆ ಕಣ್ಣೀರು ನಿಜವಾದದ್ದು. ಹತ್ತೇ ವರ್ಷಗಳಲ್ಲಿ ಅದೇ ಪೊಲ್ಯುದ್ ಮೈದಾನದಲ್ಲಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ಬಿರುಕು ಎಲ್ಲಿಂದ ಬಂತು?

ಟಿಟೊ ಹೋದ ಮೇಲೆ ಸಾಲದ ಲೆಕ್ಕ ಹೊರಬಿತ್ತು. ಹೊರದೇಶದ ಸಾಲ ಸುಮಾರು 20 ಶತಕೋಟಿ ಡಾಲರು. ಎಂಬತ್ತರ ದಶಕ ಪೂರ್ತಿ ಬೆಲೆ ಏರುತ್ತಲೇ ಹೋಯಿತು. 1989ರ ಹೊತ್ತಿಗೆ ಬೆಳಗ್ಗೆ ಇದ್ದ ಬೆಲೆ ಸಂಜೆಗೆ ಇರದ ಸ್ಥಿತಿ. ಹೊಟ್ಟೆ ಉರಿಯುವಾಗ ಯಾರನ್ನಾದರೂ ದೂರಬೇಕಲ್ಲ! ಉತ್ತರದವರು ನಾವು ದುಡಿದದ್ದನ್ನು ದಕ್ಷಿಣ ತಿನ್ನುತ್ತಿದೆ ಎಂದರು. ಸರ್ಬರು ನಮ್ಮನ್ನು ಎಲ್ಲರೂ ಸೇರಿ ತುಳಿಯುತ್ತಿದ್ದಾರೆ ಎಂದರು. ಈ ಸಿಟ್ಟನ್ನು ಏಣಿ ಮಾಡಿಕೊಂಡು 1987ರಲ್ಲಿ ಸರ್ಬಿಯಾದಲ್ಲಿ ಮೇಲೆ ಬಂದವರು ಸ್ಲೊಬೊದಾನ್ ಮಿಲೊಶೆವಿಚ್. 1989ರಲ್ಲಿ ಕೊಸೊವೊದ ಸ್ವಾಯತ್ತತೆ ಕಿತ್ತುಕೊಳ್ಳಲಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲ ದೂರುಗಳೂ ಸುಳ್ಳಾಗಿರಲಿಲ್ಲ. 1988ರಲ್ಲಿ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾದಲ್ಲಿ ನಾಲ್ವರ ಮೇಲೆ ಸೇನಾ ನ್ಯಾಯಾಲಯದ ವಿಚಾರಣೆ ನಡೆಯಿತು. ಆರೋಪಿಗಳು ಸ್ಲೊವೇನಿಯಾದವರು, ಊರು ಸ್ಲೊವೇನಿಯಾದ್ದು, ಆದರೆ ವಿಚಾರಣೆ ನಡೆದದ್ದು ಸರ್ಬೊ-ಕ್ರೊಯೇಷಿಯನ್ ಭಾಷೆಯಲ್ಲಿ! ತನ್ನ ನೆಲದಲ್ಲಿ ತನ್ನ ನುಡಿಯಲ್ಲಿ ನ್ಯಾಯ ಕೇಳುವಂತಿಲ್ಲ ಎಂದಾಗ ಜನಕ್ಕೆ ಎಷ್ಟು ಉರಿಯುತ್ತದೆ ಎಂಬುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ಜನ ಬೀದಿಗೆ ಬಂದರು. ಅದಕ್ಕೂ ಮೊದಲು 1967ರಲ್ಲೇ ಕ್ರೊಯೇಷಿಯಾದ ಬರಹಗಾರರು ತಮ್ಮ ನುಡಿಗೆ ಅದರದೇ ಹೆಸರು, ಸ್ಥಾನ ಬೇಕೆಂದು ಹೇಳಿಕೆ ಹೊರಡಿಸಿ ಪಕ್ಷದ ಕೆಂಗಣ್ಣಿಗೆ ಗುರಿಯಾಗಿದ್ದರು. ನ್ಯಾಯವಾದ ಬೇಡಿಕೆಯನ್ನು ಸಕಾಲದಲ್ಲಿ ಕೇಳಿಸಿಕೊಳ್ಳದ ಕೇಂದ್ರ, ಅದನ್ನು ದ್ವೇಷದ ವ್ಯಾಪಾರಿಗಳ ಕೈಗೆ ತಾನೇ ಒಪ್ಪಿಸುತ್ತದೆ.

ಆದರೆ ಅದೇ ವರ್ಷಗಳಲ್ಲಿ ಮೈದಾನದಲ್ಲಿ ಎಂಥ ಬೆಳೆ ಬಂದಿತ್ತು ನೋಡಿ! 1987ರಲ್ಲಿ ಚಿಲಿ ದೇಶದಲ್ಲಿ ನಡೆದ ಯುವಕರ ವಿಶ್ವಕಪ್ಪನ್ನು ಯುಗೊಸ್ಲಾವಿಯಾ ಗೆದ್ದಿತು. ಆ ತಂಡದಲ್ಲಿ ಬೊಬಾನ್, ಪ್ರೊಸಿನೆಚ್ಕಿ, ಶುಕರ್, ಮಿಯಾತೊವಿಚ್ ಇದ್ದರು. ಇಗೊರ್ ಸ್ಟಿಮಾಚ್ ಎಂಬ ಹುಡುಗನೂ ಇದ್ದ. ಈ ಕೊನೆಯ ಹೆಸರನ್ನು ಮರೆಯಬೇಡಿ. ಅದು ನಮ್ಮ ಬೆಂಗಳೂರಿನ ತನಕ ಬರುತ್ತದೆ.

ಜಾಗ್ರೆಬ್‌ನ ಆ ಭಾನುವಾರ

1990ರ ವಸಂತದಲ್ಲಿ ಕ್ರೊಯೇಷಿಯಾದಲ್ಲಿ ದಶಕಗಳ ನಂತರ ಮೊದಲ ಬಹುಪಕ್ಷ ಚುನಾವಣೆ. ಸ್ವಂತ ನಾಡಿನ ಮಾತಾಡಿದ ಫ್ರಾನ್ಯೊ ತುಜ್ಮನ್ ಅವರ ಪಕ್ಷ ಗೆದ್ದಿತು. ಎರಡನೆಯ ಸುತ್ತಿನ ಮತದಾನ ಮುಗಿದ ಮುಂದಿನ ಭಾನುವಾರ, ಮೇ 13ರಂದು, ಜಾಗ್ರೆಬ್‌ನ ಮಾಕ್ಸಿಮಿರ್ ಮೈದಾನಕ್ಕೆ ರೆಡ್ ಸ್ಟಾರ್ ತಂಡ ಬಂತು. ಜತೆಗೆ ಬೆಲ್‌ಗ್ರೇಡ್‌ನಿಂದ ಸಾವಿರಾರು ಬೆಂಬಲಿಗರು. ಅವರ ಮುಂದಾಳು ಜೆಲ್ಕೊ ರಾಜ್ನಾತೊವಿಚ್, ಅಡ್ಡಹೆಸರು ಅರ್ಕಾನ್. ಯುರೋಪಿನ ಹಲವು ದೇಶಗಳಲ್ಲಿ ದರೋಡೆಗಾಗಿ ಬೇಕಾಗಿದ್ದ ಆಸಾಮಿ.

ಕುರ್ಚಿ ಕಿತ್ತರು, ಕಲ್ಲು ತೂರಿದರು, ಬೇಲಿ ಮುರಿದರು. ಡೈನಮೊ ಬೆಂಬಲಿಗರು ಮೈದಾನಕ್ಕೆ ನುಗ್ಗಿದರು. ಪೊಲೀಸರು ತಮ್ಮ ಮೇಲೆ ಮಾತ್ರ ಲಾಠಿ ಬೀಸುತ್ತಿದ್ದಾರೆ ಎಂದು ಅವರಿಗೆ ಅನಿಸಿತು. ಆಗ ಡೈನಮೊ ನಾಯಕ, ಇಪ್ಪತ್ತೊಂದರ ಹರೆಯದ ಜ್ವೊನಿಮಿರ್ ಬೊಬಾನ್, ಬೆಂಬಲಿಗನೊಬ್ಬನನ್ನು ಹೊಡೆಯುತ್ತಿದ್ದ ಪೊಲೀಸನಿಗೆ ಹಾರಿ ಒದ್ದರು. ಆ ಒದೆತ ಟೀವಿಯಲ್ಲಿ ದೇಶವೆಲ್ಲ ನೋಡಿತು. ಒಂದು ಕಡೆ ಬೊಬಾನ್ ವೀರ, ಇನ್ನೊಂದು ಕಡೆ ದ್ರೋಹಿ. ಫೆಡರೇಷನ್ನು ಅವರನ್ನು ಅಮಾನತು ಮಾಡಿತು, ಆ ಬೇಸಿಗೆಯ ಇಟಲಿ ವಿಶ್ವಕಪ್ ಅವರ ಕೈತಪ್ಪಿತು.

ಆ ಪೊಲೀಸ್ ಯಾರು ಗೊತ್ತೆ? ಸರ್ಬಿಯಾದ ದಬ್ಬಾಳಿಕೆಯ ಗುರುತು ಎಂದು ಜನ ಅಂದುಕೊಂಡಿದ್ದ ಆತ ಬೊಸ್ನಿಯಾದ ಮುಸ್ಲಿಂ! ಮುಂದೆ ಆತ ಬೊಬಾನ್ ಅವರನ್ನು ಕ್ಷಮಿಸಿದ್ದೇನೆ ಎಂದೂ ಹೇಳಿದ. ಗುಂಪಿಗೆ ಮುಖ ಕಾಣುವುದಿಲ್ಲ, ಸಮವಸ್ತ್ರ ಮಾತ್ರ ಕಾಣುತ್ತದೆ.

ಮೂರು ವಾರದ ಬಳಿಕ ಅದೇ ಜಾಗ್ರೆಬ್‌ನಲ್ಲಿ ಯುಗೊಸ್ಲಾವಿಯಾ ತಂಡ ನೆದರ್ಲೆಂಡ್ಸ್ ಎದುರು ಸ್ನೇಹಪಂದ್ಯ ಆಡಿತು. ತಮ್ಮದೇ ರಾಷ್ಟ್ರಗೀತೆಗೆ ಪ್ರೇಕ್ಷಕರು ಸೀಟಿ ಹೊಡೆದರು. ತರಬೇತುದಾರ ಇವಿತ್ಸಾ ಒಸಿಮ್, ಸರಾಯೆವೊ ನಗರದವರು, ಇದೆಲ್ಲ ನುಂಗಿಕೊಂಡು ತಂಡವನ್ನು ಇಟಲಿಗೆ ಕರೆದೊಯ್ದರು. ಸ್ಪೇನನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದರು. ಅಲ್ಲಿ ಮರಡೋನ ಅವರ ಅರ್ಜೆಂಟೀನಾ. ಅರ್ಧ ಗಂಟೆಗೇ ಒಬ್ಬ ಆಟಗಾರ ಹೊರಹೋದರೂ ಹತ್ತೇ ಜನ ನಿಂತು ಒಂದು ಗೋಲೂ ಬಿಡದೆ ಆಡಿದರು. ಕೊನೆಗೆ ಪೆನಾಲ್ಟಿ ಒದೆತಗಳು. ಮರಡೋನ ಅವರ ಒದೆತವನ್ನು ಕ್ರೊಯೇಷಿಯಾದ ಗೋಲಿ ಇವ್ಕೊವಿಚ್ ತಡೆದರು. ಕೊನೆಯ ಒದೆತ ಬೊಸ್ನಿಯಾದ ಹಾಜಿಬೆಗಿಚ್ ಅವರದು. ಅದು ಗೋಲಾಗಲಿಲ್ಲ. ಆ ಚೆಂಡು ಒಳಗೆ ಹೋಗಿದ್ದರೆ ದೇಶ ಉಳಿಯುತ್ತಿತ್ತೇ ಎಂದು ಆ ಕಡೆಯವರು ಇಂದಿಗೂ ಕೇಳಿಕೊಳ್ಳುತ್ತಾರೆ. ಉಳಿಯುತ್ತಿರಲಿಲ್ಲ ಎಂಬುದು ಕೇಳುವವರಿಗೂ ಗೊತ್ತು. ಆದರೂ ಕೇಳುತ್ತಾರೆ. ಕಳೆದುಕೊಂಡವರ ಮನಸ್ಸು ಹಾಗೆಯೇ.

ಎಲ್ಲರೂ ಇದ್ದ ಕೊನೆಯ ಲೀಗು

1990-91ರ ಲೀಗು ಶುರುವಾಯಿತು. 19 ತಂಡಗಳು. ಗೆದ್ದರೆ ಎರಡು ಅಂಕ. ಡ್ರಾ ಆದರೆ ಇಲ್ಲೊಂದು ವಿಚಿತ್ರ ನಿಯಮ: ಪೆನಾಲ್ಟಿ ಒದೆಯಬೇಕು, ಅದರಲ್ಲಿ ಗೆದ್ದವರಿಗೆ ಒಂದು ಅಂಕ, ಸೋತವರಿಗೆ ಸೊನ್ನೆ. ಪಂದ್ಯಗಳನ್ನು ಹೊಂದಿಸಿಕೊಂಡು ಡ್ರಾ ಮಾಡಿಕೊಳ್ಳುವ ಚಾಳಿಗೆ ಮದ್ದು ಎಂದು ತಂದ ನಿಯಮ ಅದು. ಆಡಳಿತ ನಡೆಸುವವರು ಡ್ರಾ ತಡೆಯಲು ನಿಯಮ ಮಾಡುತ್ತಿದ್ದರು. ಹೊರಗೆ ದೇಶವೇ ಕೈಬಿಡುತ್ತಿತ್ತು.

ಆಗಸ್ಟ್ ತಿಂಗಳಲ್ಲಿ ಕ್ರೊಯೇಷಿಯಾದ ಕ್ನಿನ್ ಸುತ್ತಮುತ್ತ ಸರ್ಬರು ಮರದ ದಿಮ್ಮಿ ಉರುಳಿಸಿ ರಸ್ತೆ ಅಡ್ಡಗಟ್ಟಿದರು. ಸೆಪ್ಟೆಂಬರ್ 26ರಂದು ಸ್ಪ್ಲಿಟ್‌ನ ಪೊಲ್ಯುದ್‌ನಲ್ಲಿ ಹೈದುಕ್ ಎದುರು ಪಾರ್ಟಿಜಾನ್. ಪಾರ್ಟಿಜಾನ್ 2-0ರಿಂದ ಮುಂದಿದ್ದಾಗ ಹೈದುಕ್ ಬೆಂಬಲಿಗರು ಒಳನುಗ್ಗಿದರು. ಆಟಗಾರರು ಓಡಿದರು. ಮೈದಾನದ ಕಂಬದ ಮೇಲಿದ್ದ ಯುಗೊಸ್ಲಾವಿಯಾದ ಬಾವುಟ ಇಳಿಸಿ ಸುಟ್ಟರು. ಹತ್ತು ವರ್ಷದ ಹಿಂದೆ ಟಿಟೊಗಾಗಿ ಐವತ್ತು ಸಾವಿರ ಜನ ಅತ್ತ ಮೈದಾನ ಅದೇ, ಗೆಳೆಯರೆ!

ಮರುತಿಂಗಳು ಇನ್ನೊಂದು ಕಡೆಯಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಅರ್ಕಾನ್ ತನ್ನದೇ ಶಸ್ತ್ರಧಾರಿ ದಳ ಕಟ್ಟಿದ. ಅದಕ್ಕೆ ಹುಡುಗರನ್ನು ಆರಿಸಿಕೊಂಡದ್ದು ಎಲ್ಲಿಂದ? ರೆಡ್ ಸ್ಟಾರ್ ಗ್ಯಾಲರಿಯಿಂದ. ಸಾಲಾಗಿ ನಿಲ್ಲುವುದು, ಒಟ್ಟಿಗೆ ಕೂಗುವುದು, ಒಬ್ಬನ ಮಾತು ಕೇಳುವುದು ಅವರಿಗೆ ಆಗಲೇ ರೂಢಿಯಾಗಿತ್ತು. ಕೈಗೆ ಬಂದೂಕು ಕೊಡುವುದೊಂದೇ ಬಾಕಿ. ಮುಂದೆ ಯುದ್ಧ ಬಂದಾಗ ಜಾಗ್ರೆಬ್‌ನ ಡೈನಮೊ ಗ್ಯಾಲರಿಯ ಹುಡುಗರೂ ಬಂದೂಕು ಹಿಡಿದು ಕ್ರೊಯೇಷಿಯಾದ ಪಡೆಗಳಿಗೆ ಸೇರಿದರು.

ಇಷ್ಟರ ನಡುವೆಯೂ ಆಟ ನಡೆದೇ ಇತ್ತು! ತಂಡಗಳು ಬಸ್ಸು ಹತ್ತಿ ಬೆಲ್‌ಗ್ರೇಡ್‌ನಿಂದ ರಿಯೆಕಾಗೆ, ಲ್ಯುಬ್ಲ್ಯಾನಾದಿಂದ ಮೊಸ್ತಾರ್‌ಗೆ ಹೋಗುತ್ತಿದ್ದವು. ಮ್ಯಾಸಿಡೋನಿಯಾದ ಡಾರ್ಕೊ ಪಾಂಚೆವ್ ರೆಡ್ ಸ್ಟಾರ್ ಪರ ಆ ಋತುವಿನಲ್ಲಿ 34 ಗೋಲು ಹೊಡೆದರು. ಯುರೋಪಿನಲ್ಲೇ ಅದು ಹೆಚ್ಚು. ಆದರೆ ಬೇರೆ ದೇಶವೊಂದರ ಲೆಕ್ಕದ ತಕರಾರಿನಿಂದ ಚಿನ್ನದ ಬೂಟಿನ ಬಹುಮಾನವೇ ನಿಂತುಹೋಗಿ, ಅದು ಅವರ ಕೈ ಸೇರಿದ್ದು 2006ರಲ್ಲಿ. ಲೀಗನ್ನು ರೆಡ್ ಸ್ಟಾರ್ ಗೆದ್ದಿತು. ಎರಡನೆಯ ಸ್ಥಾನ ಡೈನಮೊಗೆ. ಕ್ರೊಯೇಷಿಯಾ, ಸ್ಲೊವೇನಿಯಾದ ತಂಡಗಳು ಇದ್ದ ಕೊನೆಯ ಪಟ್ಟಿ ಅದು.

ಕಪ್ಪು ಮರಳಲಿಲ್ಲ

1991ರ ಮೇ 2ರಂದು ಡ್ಯಾನ್ಯೂಬ್ ದಂಡೆಯ ಬೊರೊವೊ ಸೆಲೊ ಎಂಬ ಹಳ್ಳಿಯಲ್ಲಿ ಕ್ರೊಯೇಷಿಯಾದ 12 ಪೊಲೀಸರ ಕೊಲೆಯಾಯಿತು. ಆರೇ ದಿನಕ್ಕೆ, ಮೇ 8ರಂದು, ಬೆಲ್‌ಗ್ರೇಡ್‌ನಲ್ಲಿ ಮಾರ್ಷಲ್ ಟಿಟೊ ಕಪ್ಪಿನ ಫೈನಲ್. ರೆಡ್ ಸ್ಟಾರ್ ಎದುರು ಹೈದುಕ್. ರೆಡ್ ಸ್ಟಾರ್ ತಂಡದ ಸಿನಿಶಾ ಮಿಹಾಯ್ಲೊವಿಚ್ ಬೆಳೆದದ್ದು ಅದೇ ಬೊರೊವೊದಲ್ಲಿ. ತಂದೆ ಸರ್ಬ್, ತಾಯಿ ಕ್ರೊಯಾಟ್. ಎದುರಿಗೆ ಹೈದುಕ್ ರಕ್ಷಣೆಯಲ್ಲಿ ಇಗೊರ್ ಸ್ಟಿಮಾಚ್. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ಇಬ್ಬರೂ ಹೊರಹಾಕಿಸಿಕೊಂಡರು. ಅವರು ಬೈದಾಡಿದ್ದು ಒಂದೇ ನುಡಿಯಲ್ಲಿ. ದುಭಾಷಿ ಬೇಕಾಗಿರಲಿಲ್ಲ. ಆ ಜಗಳದ ಕಹಿ ಅವರಿಬ್ಬರ ನಡುವೆ ವರ್ಷಗಟ್ಟಲೆ ಉಳಿಯಿತು.

ಅಲೆನ್ ಬೊಕ್ಷಿಚ್ ಹೊಡೆದ ಒಂದು ಗೋಲಿನಿಂದ ಹೈದುಕ್ ಗೆದ್ದಿತು. ಕಪ್ಪು ಸ್ಪ್ಲಿಟ್‌ಗೆ ಹೋಯಿತು. ಮತ್ತೆ ಬೆಲ್‌ಗ್ರೇಡ್‌ಗೆ ಮರಳಲಿಲ್ಲ. ಟಿಟೊ ಹೆಸರಿನ ಕಪ್ಪು ಟಿಟೊ ಕಟ್ಟಿದ ದೇಶವನ್ನು ತೊರೆದ ಊರಲ್ಲಿ ಉಳಿದುಕೊಂಡಿತು.

ಇದಾದ ಮೂರು ವಾರಕ್ಕೆ, ಮೇ 29ರಂದು, ಇಟಲಿಯ ಬಾರಿ ನಗರದಲ್ಲಿ ಯುರೋಪಿಯನ್ ಕಪ್ಪಿನ ಫೈನಲ್. ರೆಡ್ ಸ್ಟಾರ್ ಎದುರು ಫ್ರಾನ್ಸಿನ ಮಾರ್ಸೆ. ರೆಡ್ ಸ್ಟಾರ್ ಕಡೆ ಯಾರು ಯಾರಿದ್ದರು ಕೇಳಿ. ಮಾಂಟೆನೆಗ್ರೊದ ಸಾವಿಚೆವಿಚ್. ಮ್ಯಾಸಿಡೋನಿಯಾದ ಪಾಂಚೆವ್, ನಾಯ್ದೊಸ್ಕಿ. ಕ್ರೊಯಾಟ್ ತಂದೆ ಸರ್ಬ್ ತಾಯಿಯ ಮಗ ಪ್ರೊಸಿನೆಚ್ಕಿ. ಸರ್ಬ್ ತಂದೆ ಕ್ರೊಯಾಟ್ ತಾಯಿಯ ಮಗ ಮಿಹಾಯ್ಲೊವಿಚ್. ರುಮೇನಿಯಾದಿಂದ ತಪ್ಪಿಸಿಕೊಂಡು ಬಂದ ಬೆಲೊದೆದಿಚ್. 120 ನಿಮಿಷ ಗೋಲಿಲ್ಲದ ಸಪ್ಪೆ ಆಟ. ಪೆನಾಲ್ಟಿಗೆ ಹೋದರೆ ಗೆಲ್ಲುತ್ತೇವೆಂದು ರೆಡ್ ಸ್ಟಾರ್ ಕಾದು ಕುಳಿತಿತ್ತು. ಊರಿನ ಲೀಗಿನಲ್ಲಿ ಪ್ರತಿ ಡ್ರಾಕ್ಕೂ ಪೆನಾಲ್ಟಿ ಒದ್ದು ಪಳಗಿದ ಕಾಲುಗಳಲ್ಲವೆ! ಐದಕ್ಕೆ ಐದೂ ಗೋಲು. 5-3ರಿಂದ ಗೆಲುವು. ಕೊನೆಯ ಒದೆತ ಪಾಂಚೆವ್ ಅವರದು. ಯುಗೊಸ್ಲಾವಿಯಾದ ತಂಡವೊಂದು ಈ ಕಪ್ ಗೆದ್ದದ್ದು ಅದೇ ಮೊದಲು, ಅದೇ ಕೊನೆ. 27 ದಿನಗಳ ನಂತರ, ಜೂನ್ 25ರಂದು, ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿದವು.

ಒಂದು ದೇಶದಲ್ಲಿ ಶುರು, ಇನ್ನೊಂದರಲ್ಲಿ ಕೊನೆ

ಈಗ 1991-92. ಹೆಸರಿಗೆ ಕೊನೆಯ ಲೀಗು ಇದೇ. ಡೈನಮೊ, ಹೈದುಕ್, ರಿಯೆಕಾ, ಓಸಿಯೆಕ್, ಲ್ಯುಬ್ಲ್ಯಾನಾದ ಒಲಿಂಪಿಯಾ, ಈ ಐದೂ ತಂಡಗಳು ಹೊರಟುಹೋದವು. ಕೆಳಗಿನ ದರ್ಜೆಯಿಂದ ನಾಲ್ಕು ತಂಡ ಮೇಲೆ ತಂದು 18 ಮಾಡಿ ಪಂದ್ಯ ಶುರು ಮಾಡಿದರು. ಗಣಿತ ಸರಿಹೋಯಿತು. ದೇಶ ಸರಿಹೋಗಲಿಲ್ಲ.

ಆ ಶರತ್ಕಾಲದಲ್ಲಿ ಓಸಿಯೆಕ್ ಮೇಲೆ ಷೆಲ್ ಬೀಳುತ್ತಿತ್ತು. ವುಕೊವಾರ್ ನಗರವನ್ನು ಮೂರು ತಿಂಗಳು ಮುತ್ತಿ ನೆಲಸಮ ಮಾಡಿ ನವೆಂಬರ್ 18ರಂದು ಹಿಡಿದರು. ಅರ್ಕಾನ್ ದಳ ಅಲ್ಲೂ ಇತ್ತು. ಯುರೋಪಿನ ಚಾಂಪಿಯನ್ ರೆಡ್ ಸ್ಟಾರ್ ತನ್ನ ಊರಲ್ಲಿ ಯುರೋಪಿನ ಪಂದ್ಯ ಆಡುವಂತಿರಲಿಲ್ಲ. ಹಂಗರಿಗೂ ಬಲ್ಗೇರಿಯಾಕ್ಕೂ ಹೋಗಿ ಅದನ್ನೇ ತವರು ಎಂದು ಆಡಬೇಕಾಯಿತು. ಡಿಸೆಂಬರ್ 8ರಂದು ಟೋಕಿಯೊದಲ್ಲಿ ಚಿಲಿಯ ಕೋಲೊ ಕೋಲೊ ತಂಡವನ್ನು 3-0ರಿಂದ ಸೋಲಿಸಿ ಜಗತ್ತಿನ ಕ್ಲಬ್ ಚಾಂಪಿಯನ್ ಕೂಡ ಆಯಿತು. ಮನೆ ಉರಿಯುತ್ತಿದ್ದಾಗ ಬಂದ ಬಹುಮಾನ!

ಮ್ಯಾಸಿಡೋನಿಯಾ 1991ರ ಸೆಪ್ಟೆಂಬರ್‌ನಲ್ಲೇ ಜನಮತ ನಡೆಸಿ ಬೇರೆಯಾಯಿತು. ಅಲ್ಲಿನ ವಾರ್ದಾರ್, ಪೆಲಿಸ್ಟರ್ ತಂಡಗಳು ಮಾತ್ರ ಕೊನೆಯವರೆಗೂ ಬಂದು ಆಡಿದವು. ಇನ್ನು ಉಳಿದದ್ದು ಬೊಸ್ನಿಯಾ. ಸರ್ಬರು, ಕ್ರೊಯಾಟರು, ಮುಸ್ಲಿಮರು ಎಲ್ಲಕ್ಕಿಂತ ಹೆಚ್ಚು ಬೆರೆತಿದ್ದ ನಾಡು.

ಸರಾಯೆವೊದ ಗ್ರ್ಬಾವಿತ್ಸಾ ಬಡಾವಣೆಯಲ್ಲಿ ಜೆಲೆಜ್ನಿಚಾರ್ ತಂಡದ ಮೈದಾನ. ಆ ಹೆಸರಿನ ಅರ್ಥ ರೈಲ್ವೆ ಕೆಲಸಗಾರ ಎಂದು. ದುಡಿಯುವ ಜನರ ತಂಡ. 1992ರ ಏಪ್ರಿಲ್ 5, ಭಾನುವಾರ. ಬೆಲ್‌ಗ್ರೇಡ್‌ನ ರಾದ್ ತಂಡದ ಜತೆ ಪಂದ್ಯ ಇತ್ತು. ಸುತ್ತಲಿಂದ ಗುಂಡಿನ ಸದ್ದು ಕೇಳತೊಡಗಿತು. ಆಟಗಾರರು ಅಡಗಿಕೊಂಡರು. ಪಂದ್ಯ ಆಗಲಿಲ್ಲ. ಅದೇ ದಿನ ಅಲ್ಲಿಗೆ ಹತ್ತಿರದ ಸೇತುವೆಯ ಮೇಲೆ ಶಾಂತಿ ಮೆರವಣಿಗೆಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಗುಂಡಿಗೆ ಬಲಿಯಾದರು. ಸರಾಯೆವೊ ಮುತ್ತಿಗೆ ಹಾಗೆ ಶುರುವಾಯಿತು. ಅದು ನಡೆದದ್ದು 1,425 ದಿನ. ಗ್ರ್ಬಾವಿತ್ಸಾ ಯುದ್ಧದ ಗಡಿರೇಖೆಯಾಯಿತು. ಮೈದಾನದ ಗ್ಯಾಲರಿ ಸುಟ್ಟುಹೋಯಿತು, ಹುಲ್ಲಿನೊಳಗೆ ನೆಲಬಾಂಬು. ಆ ಕಡೆ ಕೊಶೆವೊ ಮೈದಾನದ ಪಕ್ಕದ ಅಭ್ಯಾಸದ ಅಂಗಳದಲ್ಲಿ ಜನ ಹೆಣ ಹೂಳಿದರು. ಬೇರೆಡೆ ಜಾಗವಿರಲಿಲ್ಲ.

ಬೊಸ್ನಿಯಾದ ತಂಡಗಳು ಒಂದೊಂದೇ ಲೀಗಿನಿಂದ ಬಿದ್ದುಹೋದವು. ಜೆಲೆಜ್ನಿಚಾರ್, ಸರಾಯೆವೊ, ಮೊಸ್ತಾರ್‌ನ ವೆಲೆಝ್, ತುಜ್ಲಾದ ಸ್ಲೊಬೊದಾ. ಬಾನ್ಯಾ ಲೂಕಾದ ಬೊರಾತ್ಸ್ ಮಾತ್ರ ಊರು ಬಿಟ್ಟು ಹೊರಗೆ ಆಡಿ ಲೀಗು ಮುಗಿಸಿತು. ಇದರ ನಡುವೆ ಏಪ್ರಿಲ್ 27ರಂದು ಸರ್ಬಿಯಾ ಮತ್ತು ಮಾಂಟೆನೆಗ್ರೊ ಸೇರಿ ಬೇರೆಯೇ ಒಂದು ಯುಗೊಸ್ಲಾವಿಯಾ ಘೋಷಿಸಿಕೊಂಡವು. ಒಂದು ದೇಶದಲ್ಲಿ ಶುರುವಾದ ಲೀಗು ಇನ್ನೊಂದು ದೇಶದಲ್ಲಿ ಮುಗಿಯಿತು. ಗೆದ್ದದ್ದು ಮತ್ತೆ ರೆಡ್ ಸ್ಟಾರ್. ಆ ಗೆಲುವಿಗೆ ಕುಣಿಯಲು ಯಾರಿಗೆ ಮನಸ್ಸಿತ್ತು?

ಒಬ್ಬ ಮನುಷ್ಯನ ರಾಜೀನಾಮೆ

ಇವಿತ್ಸಾ ಒಸಿಮ್ ಆಗ ಎರಡು ಹೊಣೆ ಹೊತ್ತಿದ್ದರು. ರಾಷ್ಟ್ರೀಯ ತಂಡ ಮತ್ತು ಪಾರ್ಟಿಜಾನ್ ಕ್ಲಬ್ಬು. ಅವರು ಬೆಲ್‌ಗ್ರೇಡ್‌ನಲ್ಲಿ, ಹೆಂಡತಿ ಮತ್ತು ಮಗಳು ಮುತ್ತಿಗೆಯೊಳಗಿನ ಸರಾಯೆವೊದಲ್ಲಿ. ತನ್ನ ಊರಿನ ಮೇಲೆ ಷೆಲ್ ಬೀಳಿಸುತ್ತಿದ್ದ ಸೇನೆಯ ರಾಜಧಾನಿಯಲ್ಲಿ ಕೂತು ಆಟ ಹೇಳಿಕೊಡಬೇಕಾದ ಪಾಡು. ಮೇ 21ರಂದು ಅವರ ಪಾರ್ಟಿಜಾನ್ ತಂಡ ರೆಡ್ ಸ್ಟಾರನ್ನು ಸೋಲಿಸಿ ಕೊನೆಯ ಕಪ್ ಗೆದ್ದಿತು. ಮೇ 23ರಂದು ಅವರು ಪತ್ರಕರ್ತರನ್ನು ಕರೆದು ರಾಷ್ಟ್ರೀಯ ತಂಡಕ್ಕೆ ರಾಜೀನಾಮೆ ಕೊಟ್ಟರು. ಕಣ್ಣಲ್ಲಿ ನೀರಿತ್ತು. ನನ್ನ ಊರಿಗಾಗಿ ನಾನು ಮಾಡಬಹುದಾದದ್ದು ಇದೊಂದೇ, ನಾನು ಸರಾಯೆವೊದವನು ಎಂಬುದು ನಿಮಗೆ ನೆನಪಿರಲಿ ಎಂಬ ಅರ್ಥದ ಎರಡು ಮಾತಾಡಿ ಎದ್ದು ಹೋದರು.

ಗೆಳೆಯರೆ, ಇದನ್ನು ನಾಡಪ್ರೇಮ ಎನ್ನುತ್ತೇನೆ ನಾನು. ಅವರು ಯಾರನ್ನೂ ಬೈಯಲಿಲ್ಲ. ಯಾವ ಜನಾಂಗದ ಹೆಸರನ್ನೂ ಎತ್ತಲಿಲ್ಲ. ತಮ್ಮ ಕೈಯಲ್ಲಿದ್ದ ದೊಡ್ಡ ಹುದ್ದೆ ಬಿಟ್ಟರು, ಅಷ್ಟೇ. 2022ರಲ್ಲಿ ಅವರು ತೀರಿಕೊಂಡಾಗ ಹಳೆಯ ಯುಗೊಸ್ಲಾವಿಯಾದ ಎಲ್ಲ ಮೂಲೆಗಳಿಂದಲೂ ದುಃಖದ ಮಾತು ಬಂತು.

ರಾಜೀನಾಮೆಯಾದ ಒಂದೇ ವಾರಕ್ಕೆ, ಮೇ 30ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೊಸ ಯುಗೊಸ್ಲಾವಿಯಾದ ಮೇಲೆ ದಿಗ್ಬಂಧನ ಹೇರಿತು. ಕ್ರೀಡೆಯೂ ಅದರಲ್ಲಿ ಸೇರಿತ್ತು. ಯೂರೊ ಕಪ್ಪಿಗಾಗಿ ಆಗಲೇ ಸ್ವೀಡನ್ ತಲುಪಿದ್ದ ತಂಡವನ್ನು ಮನೆಗೆ ಕಳಿಸಿದರು. ಅರ್ಹತಾ ಗುಂಪಿನಲ್ಲಿ ಅವರ ಹಿಂದೆ ಎರಡನೆಯದಾಗಿದ್ದ ಡೆನ್ಮಾರ್ಕನ್ನು ತರಾತುರಿಯಲ್ಲಿ ಕರೆದರು. ಆ ಡೆನ್ಮಾರ್ಕ್ ಫೈನಲ್‌ನಲ್ಲಿ ಜರ್ಮನಿಯನ್ನು ಸೋಲಿಸಿ ಕಪ್ಪನ್ನೇ ಗೆದ್ದಿತು!

ಯುದ್ಧ ಶುರು ಮಾಡಿದ್ದು ಚೆಂಡೇ?

ಜಾಗ್ರೆಬ್‌ನ ಮಾಕ್ಸಿಮಿರ್ ಮೈದಾನದ ಮುಂದೆ ಒಂದು ಸ್ಮಾರಕ ನಿಲ್ಲಿಸಿದರು. 1990ರ ಮೇ 13ರಂದು ಈ ಮೈದಾನದಲ್ಲೇ ನಮ್ಮ ಬೆಂಬಲಿಗರು ಸರ್ಬಿಯಾದ ಜತೆ ಯುದ್ಧ ಆರಂಭಿಸಿದರು ಎಂಬ ಅರ್ಥದ ಬರಹ ಅದರ ಮೇಲಿದೆ. ಕೇಳಲು ರೋಮಾಂಚನ. ಆದರೆ ನಿಜವೆ?

ನನ್ನ ಉತ್ತರ ಅಲ್ಲ ಎಂದೇ. ಯುದ್ಧ ಶುರು ಮಾಡಿದ್ದು ಸಾಲದ ಹೊರೆ, ಬೆಲೆಯೇರಿಕೆ, ಕುರ್ಚಿಯ ಆಸೆ, ಟೀವಿಯಲ್ಲಿ ದಿನವೂ ಬಿತ್ತಿದ ಹಳೆಯ ಕೊಲೆಗಳ ನೆನಪು, ತನ್ನ ಜನರ ಮೇಲೆಯೇ ಟ್ಯಾಂಕು ಹರಿಸಿದ ಸೇನೆ. 1990ರ ಜನವರಿಯಲ್ಲೇ ಆಳುವ ಪಕ್ಷದ ಮಹಾಧಿವೇಶನದಿಂದ ಸ್ಲೊವೇನಿಯಾದವರು ಎದ್ದು ಹೋಗಿದ್ದರು. ದೇಶ ಅಲ್ಲೇ ಅರ್ಧ ಮುಗಿದಿತ್ತು. ಕಲ್ಲು ತೂರಿದ ಹುಡುಗನ ತಲೆಗೆ ಯುದ್ಧದ ಕಿರೀಟ ಇಟ್ಟರೆ, ಯುದ್ಧ ಹೂಡಿದ ದೊಡ್ಡವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಹಾಗಂತ ಮೈದಾನಕ್ಕೆ ಪಾಪವೇ ಇಲ್ಲವೆ? ಇದೆ. ಕೊಲ್ಲುವುದಕ್ಕೆ ಮೊದಲು ಕೊಲ್ಲುತ್ತೇನೆಂದು ಕೂಗಿ ಅಭ್ಯಾಸ ಮಾಡಿದ್ದು ಅಲ್ಲೇ. ವಾರವಾರ ಸಾವಿರ ಕೊರಳು ಸೇರಿ ಕೂಗಿದ ಮಾತು ಬರಬರುತ್ತಾ ಬರೀ ಮಾತಾಗಿ ಉಳಿಯುವುದಿಲ್ಲ. ಅರ್ಕಾನ್‌ಗೆ ಬೇಕಾಗಿದ್ದು ಆ ಅಭ್ಯಾಸ. 1992ರ ಏಪ್ರಿಲ್‌ನಲ್ಲಿ ಬೊಸ್ನಿಯಾದ ಬಿಯೆಲ್ಯಿನಾ ಪಟ್ಟಣದಲ್ಲಿ ಅವನ ಹುಡುಗರು ಏನು ಮಾಡಿದರೆಂಬುದಕ್ಕೆ ಫೋಟೋ ಸಾಕ್ಷಿ ಇದೆ. ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನ ಮೇಲೆ ಆರೋಪ ಹೊರಿಸಿತು. ವಿಚಾರಣೆಗೆ ಮುನ್ನವೇ, 2000ದ ಜನವರಿಯಲ್ಲಿ, ಬೆಲ್‌ಗ್ರೇಡ್‌ನ ಹೋಟೆಲೊಂದರಲ್ಲಿ ಅವನೂ ಗುಂಡಿಗೆ ಬಿದ್ದ. ಬೊಸ್ನಿಯಾ ಯುದ್ಧವೊಂದರಲ್ಲೇ ಸತ್ತವರು ಸುಮಾರು ಒಂದು ಲಕ್ಷ.

ಗೆದ್ದವರು ಯಾರು, ಹೇಳಿ? 1994ರಲ್ಲಿ ಯುರೋಪಿನ ಕಪ್ ಗೆದ್ದ ಇಟಲಿಯ ಮಿಲಾನ್ ತಂಡದಲ್ಲಿ ಕ್ರೊಯೇಷಿಯಾದ ಬೊಬಾನ್ ಮತ್ತು ಮಾಂಟೆನೆಗ್ರೊದ ಸಾವಿಚೆವಿಚ್ ಒಟ್ಟಿಗೆ ಆಡಿದರು. ಊರಲ್ಲಿ ಒಂದಾಗಿ ಆಡಲಾಗದವರು ಪರವೂರಿನ ಅಂಗಿ ತೊಟ್ಟು ಆಡಿದರು. 1998ರ ವಿಶ್ವಕಪ್ಪಿನಲ್ಲಿ ಕ್ರೊಯೇಷಿಯಾ ಮೂರನೆಯ ಸ್ಥಾನ ಪಡೆಯಿತು. ಅದು ಅವರ ಹೆಮ್ಮೆ, ನ್ಯಾಯವಾದ ಹೆಮ್ಮೆ. ಆದರೆ ಆ ಹಳೆಯ ಲೀಗಿನಷ್ಟು ದೊಡ್ಡ ಲೀಗು ಆ ಏಳು ದೇಶಗಳಲ್ಲಿ ಯಾವುದಕ್ಕೂ ಮತ್ತೆ ದಕ್ಕಲಿಲ್ಲ. ಮೊಸ್ತಾರ್‌ನ ವೆಲೆಝ್ ತಂಡಕ್ಕೆ ತನ್ನ ಮೈದಾನವೇ ಮರಳಿ ಸಿಗಲಿಲ್ಲ. ಊರು ಇಬ್ಭಾಗವಾದಾಗ ಅದು ಆ ಕಡೆಯ ಪಾಲಾಯಿತು.

ಬೆಂಗಳೂರಿನ ತನಕ ಬಂದವರು

ಈಗ ಸ್ಟಿಮಾಚ್ ಹೆಸರಿಗೆ ಬರೋಣ. 1991ರ ಕಪ್ ಫೈನಲ್‌ನಲ್ಲಿ ಹೊರಹೋದ ಆ ಹುಡುಗ 2019ರಿಂದ 2024ರವರೆಗೆ ನಮ್ಮ ಭಾರತ ತಂಡದ ತರಬೇತುದಾರ! 2023ರಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ. ಜೂನ್ 21ರಂದು ಪಾಕಿಸ್ತಾನದ ಎದುರು ಪಂದ್ಯ. ಎದುರು ತಂಡದವನು ಥ್ರೋ ಮಾಡಲು ಬಂದಾಗ ಸ್ಟಿಮಾಚ್ ಅವನ ಕೈಯಿಂದ ಚೆಂಡು ತಪ್ಪಿಸಿದರು. ನೂಕಾಟವಾಯಿತು, ಕೆಂಪು ಕಾರ್ಡು ಬಂತು. ಅಂದು ಆಟ ಮುಂದುವರಿಯಿತು, ಭಾರತ 4-0ರಿಂದ ಗೆದ್ದಿತು, ಎಲ್ಲರೂ ಮನೆಗೆ ಹೋದರು. ಜುಲೈ 4ರಂದು ಕಪ್ಪೂ ನಮಗೇ ಬಂತು.

ಒಬ್ಬನೇ ಮನುಷ್ಯ, ಎರಡು ಕೆಂಪು ಕಾರ್ಡು. ಒಂದಕ್ಕೆ ಸುತ್ತ ಬೆಂಕಿಯಿತ್ತು, ಇನ್ನೊಂದಕ್ಕೆ ಮಾರನೆಯ ದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು. ವ್ಯತ್ಯಾಸ ಮಾಡಿದ್ದು ಆ ಮನುಷ್ಯನ ಸಿಟ್ಟಲ್ಲ. ಸಿಟ್ಟು ಎರಡೂ ಕಡೆ ಇತ್ತು. ಮೈದಾನದ ಹೊರಗಿನ ವ್ಯವಸ್ಥೆ ಗಟ್ಟಿಯಾಗಿದ್ದರೆ ಜಗಳ ಜಗಳವಾಗಿಯೇ ಮುಗಿಯುತ್ತದೆ. ನ್ಯಾಯ ಕೇಳುವ ಜಾಗವೆಲ್ಲ ಮುಚ್ಚಿಹೋಗಿ, ಪಕ್ಕದ ಮನೆಯವನೇ ಶತ್ರು ಎಂದು ದಿನವೂ ಕಿವಿಯಲ್ಲಿ ಊದುವವರಿದ್ದರೆ, ಅದೇ ಜಗಳ ಊರು ಸುಡುತ್ತದೆ.

ಆದ್ದರಿಂದ ಓದುಗ ಬಂಧುಗಳೆ, ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ತಂಡಕ್ಕೆ, ನಿಮ್ಮ ಊರಿಗೆ, ನಿಮ್ಮ ನುಡಿಗೆ ಗಂಟಲು ಹರಿಯುವಂತೆ ಕೂಗಿ. ಹಕ್ಕು ಕೇಳಿ, ಬಿಡಬೇಡಿ. ಲ್ಯುಬ್ಲ್ಯಾನಾದ ಜನ ಕೇಳಿದ್ದು ತಪ್ಪಲ್ಲ. ಆದರೆ ಕೂಗು ಹಾಕುವಾಗ ಪಕ್ಕದಲ್ಲಿ ನಿಂತು ಕೂಗಿಸುತ್ತಿರುವವನು ಯಾರು, ಅವನ ಇನ್ನೊಂದು ಕೈಯಲ್ಲಿ ಏನಿದೆ ಎಂದು ಒಮ್ಮೆ ತಿರುಗಿ ನೋಡಿ. ರೆಡ್ ಸ್ಟಾರ್ ಗ್ಯಾಲರಿಯ ಹುಡುಗರು ನೋಡಲಿಲ್ಲ.